ಕೂಗಿದರೆ ಓಗೊಡುವ ಹೆಸರು

ಹೈದರಾಬಾದಿನ ಕನ್ನಡ ಮನೆಯೊಂದರಲ್ಲಿ ಹೆಣ್ಣುಮಗು ಹುಟ್ಟಿತು, ಪ್ರಜ್ಞಾ ಎಂದು ಹೆಸರಿಟ್ಟರು ಎಂದುಕೊಳ್ಳಿ. ಕಾಚಿಗುಡದ ಕನ್ನಡ ಮೇಷ್ಟ್ರು ಜಕಾರವನ್ನು ಬಿಡದೆ ‘ಪ್ರಜ್ಞಾ’ ಎನ್ನುತ್ತಾರೆ. ಪಕ್ಕದ ತೆಲುಗು ಮನೆಯಲ್ಲಿ ಅವಳು ‘ಪ್ರಗ್ನ’. ಹಿಂದಿ ಟೀಚರ್ ಬಾಯಲ್ಲಿ ‘ಪ್ರಗ್ಯಾ’. ನಾಂದೇಡ ಕಡೆಯಿಂದ ಬಂದು ನೆಲೆಸಿದ ಮರಾಠಿ ಅಜ್ಜಿಗೆ ‘ಪ್ರದ್ನ್ಯಾ’. ನಾಲ್ವರಲ್ಲಿ ಯಾರದ್ದೂ ತಪ್ಪಲ್ಲ. ಒಂದೇ ಒತ್ತಕ್ಷರವನ್ನು ನಾಲ್ಕು ಭಾಷೆಗಳು ನಾಲ್ಕು ರೀತಿಯಲ್ಲಿ ಉಳಿಸಿಕೊಂಡಿವೆ. ಆದರೆ ಆ ಮಗು ಮಾತ್ರ ನಾಲ್ಕು ಹೆಸರಿಗೂ ಓಗೊಡುವುದನ್ನು ಕಲಿಯಬೇಕು.

ಇಂಥ ಪಾಠ ಈ ಊರಿಗೆ ಹೊಸದಲ್ಲ. 1591ರಲ್ಲಿ ಹೈದರಾಬಾದನ್ನು ಕಟ್ಟಿಸಿದ ಮುಹಮ್ಮದ್ ಕುಲಿ ಕುತುಬ್ ಶಾನ ಹೆಸರನ್ನೇ ಊರು ತನ್ನ ಧಾಟಿಗೆ ಒಗ್ಗಿಸಿಕೊಂಡಿದೆ. ಅರಬಿಯಲ್ಲಿ ಗಂಟಲಾಳದಿಂದ ಬರುವ ಕಕಾರ ದಖನಿ ಉರ್ದುವಿನಲ್ಲಿ ‘ಖ’ ಆಗುತ್ತದೆ. ಹಾಗಾಗಿ ಹಳೇ ಊರಿನವರ ಮಾತಿನಲ್ಲಿ ಆ ಸುಲ್ತಾನ ‘ಖುಲಿ ಖುತುಬ್ ಶಾ’. ಸ್ಥಾಪಕನ ಹೆಸರಿಗೇ ಇಲ್ಲದ ವಿನಾಯಿತಿ ಈ ಊರಿನಲ್ಲಿ ಹುಟ್ಟುವ ಕೂಸಿಗೆ ಎಲ್ಲಿಂದ ಬರಬೇಕು?

ಕನ್ನಡಿಗರಿಗೆ ಹೈದರಾಬಾದು ಪರವೂರೂ ಅಲ್ಲ. 1956ರ ನವೆಂಬರ್ 1ರವರೆಗೆ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳಿಗೆ ಇದೇ ರಾಜಧಾನಿ. ಓದಿಗೆ, ನೌಕರಿಗೆ, ಕೋರ್ಟು ಕಚೇರಿಗೆ ಇಲ್ಲಿಗೆ ಬಂದವರು ಇಲ್ಲೇ ಬೇರೂರಿದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗನ ಹೆಸರು ಹೊತ್ತ ಕನ್ನಡ ಶಾಲೆ ಆ ಬೇರಿನಿಂದ ಚಿಗುರಿದವು. ಆ ಶಾಲೆಯ ಹೆಸರನ್ನೇ ಗಮನಿಸಿ. ಕನ್ನಡಿಗರು, ತೆಲುಗರು ಅದನ್ನು ‘ನ್ರುಪತುಂಗ’ ಎಂದರೆ, ಹಿಂದಿಯ ರೂಢಿಯವರು ‘ನ್ರಿಪ್‌ತುಂಗ್’ ಎನ್ನುತ್ತಾರೆ. ಒಂಬತ್ತನೆಯ ಶತಮಾನದಲ್ಲಿ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಆ ರಾಷ್ಟ್ರಕೂಟ ದೊರೆಯ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವೇ ಕನ್ನಡ ನಾಡಿನ ಒಳಗೊಳಗೆ ಮಾತಿನ ರೀತಿ ಬದಲಾಗುವುದನ್ನು ಗುರುತಿಸಿತ್ತು.

ಈಚಿನ ದಶಕಗಳಲ್ಲಿ ಗಚ್ಚಿಬೌಲಿ, ಕೊಂಡಾಪುರ, ಮಾಧಾಪುರದ ಕಡೆ ಇನ್ನೊಂದು ಪೀಳಿಗೆಯ ಕನ್ನಡಿಗರು ಬಂದಿದ್ದಾರೆ. ಐಟಿ ನೌಕರಿಗಾಗಿ ಬಂದ ಈ ಮನೆಗಳಲ್ಲಿ ಗಂಡ ಹುಬ್ಬಳ್ಳಿಯವನು, ಹೆಂಡತಿ ಮೈಸೂರಿನವಳು ಆಗಿರಬಹುದು. ಅಳಿಯ ಉಡುಪಿಯವನು, ಸೊಸೆ ವರಂಗಲ್ಲಿನವಳು ಆಗಿರಬಹುದು. ಮಗುವಿಗೆ ಹೆಸರು ಹುಡುಕುವಾಗ ಅರ್ಥ ನೋಡುತ್ತಾರೆ, ನಕ್ಷತ್ರ ನೋಡುತ್ತಾರೆ, ಹೊಸದಾಗಿದೆಯೇ ಎಂದೂ ನೋಡುತ್ತಾರೆ. ದಿನಕ್ಕೆ ಹತ್ತಾರು ಸಲ ಆ ಹೆಸರನ್ನು ಕೂಗಬೇಕಾದ ಬಾಯಿಗಳ ಕಡೆ ನೋಡುವವರು ಕಡಿಮೆ. ನೋಡಬೇಕಾದದ್ದು ಮೊದಲು ಅಲ್ಲಿಗೇ.

ನಾಲಗೆ ಎಲ್ಲಿ ಎಡವುತ್ತದೆ

ಹೆಸರು ಬದಲಾಗುವುದು ಮನಸ್ಸಿಗೆ ಬಂದಂತಲ್ಲ. ಯಾವ ಅಕ್ಷರ ಯಾರ ಬಾಯಲ್ಲಿ ಏನಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ಮೊದಲೇ ಹೇಳಬಹುದು.

ಮೊದಲನೆಯದು ‘ಳ’ ಮತ್ತು ‘ಣ’. ಕನ್ನಡ, ತೆಲುಗು, ಮರಾಠಿ ಮೂರರಲ್ಲೂ ಇವೆರಡು ಗಟ್ಟಿಯಾಗಿವೆ. ಉರ್ದು ಲಿಪಿಯಲ್ಲಿ ಇವಕ್ಕೆ ಅಕ್ಷರವೇ ಇಲ್ಲ. ಆದ್ದರಿಂದ ಮಂಜುಳಾ ‘ಮಂಜುಲಾ’ ಆಗುತ್ತಾಳೆ, ಮುರಳಿ ‘ಮುರಲಿ’ ಆಗುತ್ತಾನೆ, ವೀಣಾ ‘ವೀನಾ’, ಪ್ರಣವ ‘ಪ್ರನವ್’. ಎರಡನೆಯದು ಋಕಾರ. ದಕ್ಷಿಣದವರು ಮತ್ತು ಮರಾಠಿಗರು ಅದನ್ನು ‘ರು’ ಎಂದರೆ ಹಿಂದಿ, ಉರ್ದು ಮಾತಾಡುವವರು ‘ರಿ’ ಎನ್ನುತ್ತಾರೆ. ಅಮೃತಾ, ಕೃತಿ, ಋತ್ವಿಕ್ ಎಂಬ ಹೆಸರುಗಳಿಗೆ ಹೈದರಾಬಾದಿನಲ್ಲಿ ಎರಡೆರಡು ಉಚ್ಚಾರ, ಎರಡೆರಡು ಇಂಗ್ಲಿಷ್ ಕಾಗುಣಿತ.

ಮೂರನೆಯದು ಶಕಾರ. ಕಲಬುರಗಿ ಸೀಮೆಯ ಹಳ್ಳಿಯ ಹಿರಿಯರಲ್ಲೂ ತೆಲಂಗಾಣದ ಹಳ್ಳಿಗರಲ್ಲೂ ಶಂಕರ ‘ಸಂಕರ’ನಾಗುತ್ತಾನೆ, ಶಾಂತಮ್ಮ ‘ಸಾಂತಮ್ಮ’ಳಾಗುತ್ತಾಳೆ. ಇಲ್ಲಿ ದಖನಿಯವರು ಮಾತ್ರ ‘ಶ’ವನ್ನು ಬಿಟ್ಟುಕೊಡುವುದಿಲ್ಲ. ನಾಲ್ಕನೆಯದು ಮಹಾಪ್ರಾಣ. ಕನ್ನಡ ಮತ್ತು ತೆಲುಗಿನ ದಿನಬಳಕೆಯಲ್ಲಿ ‘ಭ’, ‘ಘ’, ‘ಧ’ಗಳ ಉಸಿರು ಸಡಿಲ. ಉತ್ತರದ ಉರ್ದುವಿನ ‘ಮುಝೆ’ ದಖನಿಯಲ್ಲಿ ‘ಮುಜೆ’ ಆಗುವುದನ್ನು ಕೇಳಿದವರಿಗೆ ಅಲ್ಲೂ ಅದೇ ಕಥೆ ಎಂದು ಗೊತ್ತು. ಮೇಘಾ ಎಂದು ಹೆಸರಿಟ್ಟವರು ಮನೆಯೊಳಗೂ ಹೊರಗೂ ಹೆಚ್ಚಾಗಿ ಕೇಳುವುದು ‘ಮೇಗಾ’.

ಸ್ವರಗಳೂ ಸುಮ್ಮನಿರುವುದಿಲ್ಲ. ವೈದೇಹಿಯ ‘ಐ’ಯನ್ನು, ಗೌರಿಯ ‘ಔ’ವನ್ನು ನಾವು ಎರಡು ಸ್ವರ ಜಾರಿದಂತೆ ಹೇಳುತ್ತೇವೆ, ಹಿಂದಿಯ ರೂಢಿಯಲ್ಲಿ ಅವು ಒಂದೊಂದೇ ಸ್ವರವಾಗಿ ಚಪ್ಪಟೆಯಾಗುತ್ತವೆ. ಕನ್ನಡ, ತೆಲುಗಿನ ಹಿರಿಯರು ಪದದ ಮೊದಲ ‘ಎ’ಗೆ ಯಕಾರ, ‘ಒ’ಗೆ ವಕಾರ ಸೇರಿಸಿ, ಏಕತಾಳನ್ನು ‘ಯೇಕತಾ’ ಎಂದೂ ಓಂಕಾರನನ್ನು ‘ವೋಂಕಾರ’ ಎಂದೂ ಕರೆಯುತ್ತಾರೆ. ಸ್ನೇಹಾ, ಸ್ಮಿತಾ, ಸ್ಪಂದನಾ ಮುಂತಾದ ಸಕಾರದ ಒತ್ತಕ್ಷರಗಳ ಮುಂದೆ ಅನೇಕರಿಗೆ ಅರಿಯದೆಯೇ ಒಂದು ‘ಇ’ ಬಂದು ನಿಲ್ಲುತ್ತದೆ. ‘ಇಸ್ಕೂಲ್’, ‘ಇಸ್ಟೇಷನ್’ ಎಂದು ಹೇಳಿ ರೂಢಿಯಾದ ನಾಲಗೆ ‘ಇಸ್ಮಿತಾ’ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

ಕೊನೆಯ ಸ್ವರದ ಪ್ರಶ್ನೆ

ಎಲ್ಲಕ್ಕಿಂತ ದೊಡ್ಡ ಗೊಂದಲ ಹೆಸರಿನ ಬಾಲದಲ್ಲಿರುತ್ತದೆ. ಕನ್ನಡದಲ್ಲಿ ಅರ್ಜುನ, ಹರ್ಷ, ಚಂದ್ರ ಎಂದು ಹ್ರಸ್ವ ಅಕಾರದಲ್ಲಿ ಮುಗಿದರೆ ಸಾಮಾನ್ಯವಾಗಿ ಗಂಡು. ಕವಿತಾ, ಲತಾ, ರಾಧಾ ಎಂದು ದೀರ್ಘದಲ್ಲಿ ಮುಗಿದರೆ ಹೆಣ್ಣು. ತೆಲುಗಿನಲ್ಲಿ ಆ ದೀರ್ಘವನ್ನು ಕುಗ್ಗಿಸಿ ‘ಕವಿತ’, ‘ಲತ’, ‘ರಾಧ’ ಎಂದು ಬರೆಯುತ್ತಾರೆ. ಅಲ್ಲಿ ಹ್ರಸ್ವ ಅಕಾರ ಹೆಣ್ಣಿನ ಹೆಸರಿಗೂ ಸಹಜ. ಪುರಾಣದ ಗಂಡುಗಳು ರಾಮುಡು, ಕೃಷ್ಣುಡು, ಲಕ್ಷ್ಮಣುಡು. ಹಿಂದಿ, ಉರ್ದುಗಳಿಗೆ ಬಂದರೆ ಕೊನೆಯ ಅಕಾರವೇ ಬಿದ್ದುಹೋಗಿ ಅರ್ಜುನ್, ಹರ್ಷ್ ಆಗುತ್ತದೆ. ಇಂಗ್ಲಿಷಿನಲ್ಲಿ ಕೊನೆಗೆ ‘ಎ’ ಅಕ್ಷರ ಬರೆದರೆ ಉತ್ತರದವರು ಅದನ್ನು ದೀರ್ಘವಾಗಿ ಓದಿ, ಹುಡುಗನನ್ನು ಹುಡುಗಿಯರ ಪಟ್ಟಿಗೆ ಸೇರಿಸಿದರೂ ಸೇರಿಸಿಯಾರು.

ಅಕಾರ ನಡುವಿನಲ್ಲೂ ಬೀಳುತ್ತದೆ. ಅರವಿಂದ ‘ಅರ್ವಿಂದ್’ ಆಗುತ್ತಾನೆ, ಮಾಧವಿ ‘ಮಾಧ್ವಿ’ ಆಗುತ್ತಾಳೆ. ಗದಗಿನಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಉತ್ತರದ ಶ್ರೋತೃಗಳಿಗೆಲ್ಲ ‘ಭೀಮ್‌ಸೇನ್’, ಊರ ಕಡೆಯವರ ಪ್ರೀತಿಯಲ್ಲಿ ‘ಭೀಮಣ್ಣ’.

ಗಂಡೋ ಹೆಣ್ಣೋ ಎಂಬುದೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಹೈದರಾಬಾದಿನಲ್ಲೇ ಹುಟ್ಟಿ, ಅವಿಭಜಿತ ಆಂಧ್ರಪ್ರದೇಶದ ಕೊನೆಯ ಮುಖ್ಯಮಂತ್ರಿಯಾದ ಕಿರಣ್ ಕುಮಾರ್ ರೆಡ್ಡಿ ಗಂಡಸು; ಪೊಲೀಸ್ ಅಧಿಕಾರಿಯಾಗಿ ಹೆಸರಾದ ಕಿರಣ್ ಬೇಡಿ ಹೆಂಗಸು. ಸುಮನ್ ಎಂದರೆ ತೆಲುಗು ಸಿನಿಮಾ ನೋಡುವವರಿಗೆ ನಾಯಕನಟ, ಹಿಂದಿ ಹಾಡು ಕೇಳುವವರಿಗೆ ಸುಮನ್ ಕಲ್ಯಾಣಪುರ.

ಹಾಗಾದರೆ ಯಾವ ಹೆಸರು ಕಡಿಮೆ ಅಲುಗಾಡುತ್ತದೆ? ‘ಇ’ ಅಥವಾ ‘ಉ’ದಲ್ಲಿ ಮುಗಿಯುವ ಹೆಸರುಗಳಿಗೆ ಈ ಬಾಲದ ತೊಂದರೆ ಇಲ್ಲ. ರವಿ, ಮನು, ನಂದಿನಿ, ಕಾವೇರಿ ಎಲ್ಲರ ಬಾಯಲ್ಲೂ ಹಾಗೇ ಉಳಿಯುತ್ತವೆ. ಹೈದರಾಬಾದಿನ ಬ್ಯಾಡ್ಮಿಂಟನ್ ಆಟಗಾರ್ತಿ ಪಿ. ವಿ. ಸಿಂಧು ಅವರ ಹೆಸರನ್ನು ಧಕಾರದ ಉಸಿರೊಂದನ್ನು ಬಿಟ್ಟರೆ ಮುಶೀರಾಬಾದಿನಲ್ಲೂ ಮಂಗಳೂರಿನಲ್ಲೂ ಮುಂಬೈಯಲ್ಲೂ ಒಂದೇ ರೀತಿ ಕೂಗಬಹುದು. ಮ, ನ, ರ, ಲ, ಸ, ತ, ಕ, ಪ ಮುಂತಾದ ಎಲ್ಲ ಭಾಷೆಗಳ ಸಾಮಾನ್ಯ ಅಕ್ಷರಗಳಿಂದಾದ ಮೀರಾ, ತಾರಾ, ನೀಲಾ ಕೂಡ ಸುಲಭವಾಗಿ ದಾಟಿಕೊಳ್ಳುತ್ತವೆ.

ನೆಲ ತಿದ್ದಿದ ಹೆಸರುಗಳು

ಸುಲಭವಾದದ್ದೇ ಒಳ್ಳೆಯದು ಎಂದು ಇದರ ಅರ್ಥವಲ್ಲ. ನಾಲಗೆ ತಿದ್ದಿಕೊಂಡ ಹೆಸರುಗಳೇ ಈ ನೆಲದಲ್ಲಿ ಹೆಚ್ಚು ಆಳಕ್ಕೆ ಇಳಿದಿವೆ. ಸಂಸ್ಕೃತದ ‘ವೃಷಭ’ ಕನ್ನಡದ ಬಾಯಲ್ಲಿ ಸವೆದು ‘ಬಸವ’ ಆಯಿತು. ಹೀಗೆ ಸವೆದ ರೂಪಗಳಿಗಾಗಿ ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವೆಂಬ ಅಧ್ಯಾಯವನ್ನೇ ಇಟ್ಟಿದ್ದಾನೆ. ಬಸವಣ್ಣನ ಕಥೆಯನ್ನು ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥ ಬರೆದದ್ದು, ಅದನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದದ್ದು, ಎರಡರಲ್ಲೂ ನಿಂತದ್ದು ಈ ಸವೆದ ರೂಪವೇ. ಕಲಬುರಗಿ, ಬೀದರದ ಬಸವರಾಜ, ಶರಣಬಸಪ್ಪ, ಗುರುಬಸಮ್ಮಂದಿರು ಹೈದರಾಬಾದಿನಲ್ಲಿ ಹೆಸರು ಹೇಳಲು ತಡವರಿಸಬೇಕಾಗಿಲ್ಲ.

ಮಲ್ಲಿಕಾರ್ಜುನನ ಹೆಸರು ಇನ್ನೂ ದೂರ ಹಬ್ಬಿದೆ. ಶ್ರೀಶೈಲದ ದೇವರು ಕನ್ನಡಿಗರ ಮನೆಯಲ್ಲಿ ಮಲ್ಲಪ್ಪ, ಮಲ್ಲಯ್ಯ, ಮಲ್ಲಿನಾಥನಾದ. ತೆಲಂಗಾಣದ ಕೊಮುರವೆಲ್ಲಿಯಲ್ಲಿ ಮಲ್ಲನ್ನ ಎಂದು ಜಾತ್ರೆ ಮಾಡಿಸಿಕೊಳ್ಳುತ್ತಾನೆ. ಎರಡು ಭಾಷೆಯ ಅಜ್ಜಿಯರು ಒಂದೇ ತೊಟ್ಟಿಲ ಮುಂದೆ ಕೂತಾಗ ಇಂಥ ಹೆಸರಿಗೆ ಇಬ್ಬರಲ್ಲೂ ತಮ್ಮದೇ ಆದ ಕರೆ ಸಿದ್ಧವಾಗಿರುತ್ತದೆ.

ಬರವಣಿಗೆಯೂ ಕೆಲವೊಮ್ಮೆ ನಾಲಗೆಗೆ ಮಣಿದಿದೆ. ಪ್ರಹ್ಲಾದ ಎಂದು ಬರೆದರೂ ಬಾಯಲ್ಲಿ ಹಕಾರ ಹಿಂದೆ ಸರಿದು ‘ಪ್ರಲ್ಹಾದ’ ಆಗುತ್ತದೆ. ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರ ಹೆಸರಿನ ಕಾಗುಣಿತವೇ ಹಾಗಿದೆ. ಧರ್ಮ ಎಂಬುದರ ನಡುವೆ ಹಿಂದಿಯ ನಾಲಗೆ ಒಂದು ಅಕಾರ ಸೇರಿಸಿ ‘ಧರಮ್’ ಎನ್ನುತ್ತದೆ. ಜೇವರ್ಗಿಯಿಂದ ಗೆದ್ದು 2004ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದವರು ಧರಂ ಸಿಂಗ್. ಅರಬಿಯ ‘ಕಾದಿರ್’ ದಕ್ಷಿಣದಲ್ಲಿ ‘ಖಾದರ್’ ಆಗಿ ನೆಲೆ ನಿಂತಿದೆ. ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷ ಯು. ಟಿ. ಖಾದರ್ ಅವರ ಹೆಸರನ್ನು ತಿದ್ದಿ ‘ಸರಿ’ ಮಾಡಲು ಯಾರೂ ಹೋಗುವುದಿಲ್ಲ.

ಊರಿನ ಹೆಸರಿಗೂ ಇದೇ ಆಗಿತ್ತು. ಕಲಬುರಗಿಯನ್ನು ಫಾರಸಿ ಬಲ್ಲ ಆಡಳಿತ ‘ಗುಲ್ಬರ್ಗಾ’ ಎಂದು ಬರೆದುಕೊಂಡಿತು, ವಿಜಯಪುರದ ವಕಾರ ಬಕಾರವಾಗಿ ‘ಬಿಜಾಪುರ’ ಆಯಿತು. 2014ರ ನವೆಂಬರ್ 1ರಂದು ಕರ್ನಾಟಕ ಸರ್ಕಾರ ಹನ್ನೆರಡು ಊರುಗಳ ಕನ್ನಡ ರೂಪಗಳನ್ನು ಅಧಿಕೃತಗೊಳಿಸಿದಾಗ ಇವೆರಡೂ ಆ ಪಟ್ಟಿಯಲ್ಲಿದ್ದವು. ತಮ್ಮ ನಾಲಗೆಯ ರೂಪವೇ ಕಾಗದದ ಮೇಲೂ ಇರಲಿ ಎಂಬುದು ಜನರಿಗೆ ಸಣ್ಣ ಆಸೆಯಲ್ಲ. ಮಗುವಿನ ವಿಷಯದಲ್ಲೂ ಅದನ್ನು ಗೌರವಿಸಬೇಕು. ಎಲ್ಲರಿಗೂ ಹೊಂದಲಿ ಎಂದು ಹೊರನಾಡ ಕನ್ನಡಿಗರೆಲ್ಲ ‘ಳ’ವನ್ನು ಬಿಟ್ಟರೆ, ‘ಣ’ವನ್ನು ಬಿಟ್ಟರೆ, ಮುಂದಿನ ಪೀಳಿಗೆಗೆ ಆ ಧ್ವನಿಯನ್ನು ಕಲಿಸುವ ಮೊದಲ ಪದವೇ ಇಲ್ಲವಾಗುತ್ತದೆ. ಇಳಾ ಎಂಬ ಮಗಳು ಹೊರಗೆ ನೂರು ಜನರಿಗೆ ‘ಇಲಾ’ ಆಗಿ, ಮನೆಯಲ್ಲಿ ಇಳಾ ಆಗಿಯೇ ಬೆಳೆದರೆ ಕಳೆದುಕೊಳ್ಳುವುದು ಏನೂ ಇಲ್ಲ. ತಂದೆತಾಯಿ ಮೊದಲೇ ಕೂತು ತೀರ್ಮಾನಿಸಬೇಕಾದದ್ದು ಇಷ್ಟೆ: ಯಾವ ಧ್ವನಿ ಬದಲಾದರೂ ನಮಗೆ ನೋವಿಲ್ಲ, ಯಾವುದನ್ನು ಬಿಟ್ಟುಕೊಡಲಾರೆವು?

ನಕ್ಷತ್ರ ಕೊಟ್ಟ ಅಕ್ಷರ

ಬಹಳ ಮನೆಗಳಲ್ಲಿ ಆಯ್ಕೆ ಶುರುವಾಗುವುದೇ ಜನ್ಮನಕ್ಷತ್ರದ ಪಾದಾಕ್ಷರದಿಂದ. ಅಶ್ವಿನಿಗೆ ಚು, ಚೆ, ಚೋ, ಲಾ. ರೋಹಿಣಿಗೆ ಓ, ವಾ, ವೀ, ವೂ. ಇಲ್ಲಿಯವರೆಗೆ ತೊಂದರೆ ಇಲ್ಲ. ಆರ್ದ್ರಾ ನಕ್ಷತ್ರಕ್ಕೆ ಬಂದರೆ ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಉತ್ತರಾಭಾದ್ರಕ್ಕೆ ದು, ಥ, ಝ, ಞ. ಙಕಾರದಿಂದಲೋ ಣಕಾರದಿಂದಲೋ ಶುರುವಾಗುವ ಹೆಸರನ್ನು ಯಾವ ಪಂಡಿತರೂ ಹುಡುಕಿಕೊಡಲಾರರು. ಹತ್ತಿರದ ಅಕ್ಷರವನ್ನೋ ಬೇರೆ ಪಾದದ ಅಕ್ಷರವನ್ನೋ ತೆಗೆದುಕೊಳ್ಳುತ್ತಾರೆ.

ಹಿರಿಯರು ಇದಕ್ಕೊಂದು ದಾರಿಯನ್ನೂ ಮಾಡಿಟ್ಟಿದ್ದಾರೆ. ನಕ್ಷತ್ರದ ಹೆಸರು ಜಾತಕಕ್ಕೆ, ಶಾಲೆಯ ಹೆಸರು ದಾಖಲೆಗೆ, ಕರೆಯುವ ಹೆಸರು ಮನೆಗೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಮೂರನೆಯದು ಅನಿವಾರ್ಯವೇ ಆಗಿತ್ತು. ಸೊಸೆ ಮಾವನ ಹೆಸರು ಹಿಡಿದು ಕೂಗುವಂತಿರಲಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಕರೆಯುವ ಹೆಸರು ಬಸ್ಯಾ, ಮಲ್ಲ್ಯಾ, ನೀಲವ್ವ, ಗಂಗವ್ವ ಎಂದು ತನ್ನದೇ ಧಾಟಿ ಹಿಡಿಯುತ್ತದೆ. ಅಕ್ಷರಕ್ಕೆ ಕಟ್ಟುಬಿದ್ದು ತೊಡಕಿನ ಹೆಸರಿಡಬೇಕಾಗಿ ಬಂದವರಿಗೆ ಈ ಪದ್ಧತಿ ಇಂದಿಗೂ ಒದಗುತ್ತದೆ.

ಕಿವಿಗೂ ಕಾಗದಕ್ಕೂ

ಉತ್ತರ ಕರ್ನಾಟಕದ ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುತ್ತಾಳೆ. ತೆಲುಗರ ಬಾರಸಾಲದಲ್ಲಿ ತಂದೆ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರು ಬರೆಯುತ್ತಾನೆ. ಒಂದು ಕಿವಿಯ ಶಾಸ್ತ್ರ, ಇನ್ನೊಂದು ಬರಹದ ಶಾಸ್ತ್ರ. ಹೆಸರನ್ನು ಪರೀಕ್ಷಿಸುವುದಕ್ಕೂ ಈ ಎರಡೇ ದಾರಿ.

ಕಿವಿಯ ಪರೀಕ್ಷೆಗೆ ಪಟ್ಟಿಯಲ್ಲಿ ಉಳಿದ ಮೂರು ನಾಲ್ಕು ಹೆಸರುಗಳನ್ನು ಎರಡೂ ಕಡೆಯ ಅಜ್ಜ ಅಜ್ಜಿಯರಿಂದ, ಪಕ್ಕದ ಮನೆಯವರಿಂದ, ಆಟೋ ಓಡಿಸುವ ಪರಿಚಿತರಿಂದ ಹೇಳಿಸಬೇಕು. ತೋರಿಸಿ ಓದಿಸಬಾರದು, ಒಮ್ಮೆ ಕೇಳಿಸಿ, ಸ್ವಲ್ಪ ಹೊತ್ತಿನ ಮೇಲೆ ನೆನಪಿನಿಂದ ಹೇಳಿಸಬೇಕು. ಆಗ ಹೊರಬರುವುದೇ ನಾಳೆ ಮಗು ಕೇಳಲಿರುವ ಹೆಸರು. ಬಾಲ್ಕನಿಯಿಂದ ಆಟದ ಬಯಲಿಗೆ ಕೂಗಿಯೂ ನೋಡಬೇಕು, ಏಕೆಂದರೆ ಕೂಗುವಾಗ ಕೊನೆಯ ಸ್ವರ ಹಿಗ್ಗುತ್ತದೆ. ವಿಭಕ್ತಿ ಹಚ್ಚಿ ನೋಡುವುದನ್ನೂ ಮರೆಯಬಾರದು: ಅರ್ಜುನನಿಗೆ, ಸಿಂಧುವಿಗೆ, ಮೀರಾಳಿಗೆ ಸಲೀಸು, ವ್ಯಂಜನದಲ್ಲಿ ನಿಲ್ಲುವ ಹೊಸ ಹೆಸರುಗಳ ಮುಂದೆ ಕನ್ನಡದ ಪ್ರತ್ಯಯ ತಡೆಯುತ್ತದೆ. ಐಸ್ಲೆಂಡಿನಲ್ಲಿ ಇದನ್ನು ಕಾನೂನೇ ಕೇಳುತ್ತದೆ. 1991ರಿಂದ ಅಲ್ಲಿರುವ ಹೆಸರುಗಳ ಸಮಿತಿ, ಹೊಸ ಹೆಸರು ಐಸ್ಲೆಂಡಿಕ್ ವಿಭಕ್ತಿಗೆ ಒಗ್ಗುತ್ತದೆಯೇ ಎಂದು ನೋಡಿದ ಮೇಲೆಯೇ ಒಪ್ಪಿಗೆ ಕೊಡುತ್ತದೆ.

ಬರಹದ ಪರೀಕ್ಷೆಗೆ ನಾಲ್ಕು ಲಿಪಿ. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು, ಅಕ್ಷರಕ್ಕೆ ಅಕ್ಷರ ಕೂರುತ್ತದೆ. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಹಾಗಾಗಿ ‘ಸುಮನ್’ ಎಂದು ಬರೆದದ್ದನ್ನು ‘ಸಮನ್’ ಎಂದೂ ಓದಬಹುದು. ಇಂಗ್ಲಿಷಿನಲ್ಲಿ ದಕ್ಷಿಣದವರು ತಕಾರಕ್ಕೆ ‘ಟಿ’ ಜೊತೆ ‘ಎಚ್’ ಸೇರಿಸುತ್ತಾರೆ. ಅದನ್ನು ಉತ್ತರದವರು ಥಕಾರವೆಂದು ಓದಿ ಲತಾಳನ್ನು ‘ಲಥಾ’ ಮಾಡುತ್ತಾರೆ. ‘ಎಚ್’ ಬಿಟ್ಟರೆ ದಕ್ಷಿಣದವರು ‘ಲಟಾ’ ಎಂದು ಓದಿಯಾರು. ಇಲ್ಲಿ ಎಲ್ಲರನ್ನೂ ಮೆಚ್ಚಿಸುವ ಕಾಗುಣಿತವಿಲ್ಲ. ಒಂದನ್ನು ಆರಿಸಿ, ಎಲ್ಲ ದಾಖಲೆಗಳಲ್ಲೂ ಅದನ್ನೇ ಹಿಡಿಯುವುದು ಉಳಿದ ದಾರಿ.

ಈ ಎಚ್ಚರ ಈಗ ಮೊದಲಿಗಿಂತ ಹೆಚ್ಚು ಬೇಕು. ಜನನ ಮರಣ ನೋಂದಣಿ ಕಾಯಿದೆಗೆ ಮಾಡಿದ ತಿದ್ದುಪಡಿ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದಿದ್ದು, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಸರ್ಕಾರಿ ನೌಕರಿಯವರೆಗೆ ಹುಟ್ಟಿದ ದಿನಾಂಕ ಮತ್ತು ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಇಳಿದ ಕಾಗುಣಿತವೇ ಮುಂದಿನ ಕಾಗದಗಳಿಗೂ ಹಬ್ಬುತ್ತದೆ.

ಆದರೆ ಅವಸರ ಪಡಬೇಕಾಗಿಲ್ಲ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು ನಿಜ. ಹೆಸರನ್ನು ಅಂದೇ ಕೊಡಬೇಕೆಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿದ ಮಗುವಿನ ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ತಡಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಲು ನಿಯಮಗಳಲ್ಲಿ ಅವಕಾಶವಿದೆ. ತೊಟ್ಟಿಲಿಗೆ ಹಾಕಿದ ದಿನ ಇಟ್ಟ ಹೆಸರನ್ನು ಕೆಲವು ತಿಂಗಳು ಮನೆಯಲ್ಲಿ, ಓಣಿಯಲ್ಲಿ, ಫೋನಿನಲ್ಲಿ ಬಳಸಿ ನೋಡಿ, ಕಲಬುರಗಿಯ ಅಜ್ಜಿಗೂ ವರಂಗಲ್ಲಿನ ಅಜ್ಜಿಗೂ ಅದು ರೂಢಿಯಾದ ಮೇಲೆ, ನಾಲ್ಕೂ ಲಿಪಿಗಳಲ್ಲಿ ಬರೆದು ನೋಡಿ, ಆಮೇಲೆ ನೋಂದಣಿ ಕಚೇರಿಯ ಅರ್ಜಿಯಲ್ಲಿ ತುಂಬಲು ತಂದೆತಾಯಿಗೆ ಇಷ್ಟು ಸಮಯ ಸಾಕು.